ಯಾರ್ಡಿನಲ್ಲಿ ನಡೆಯುವವರಿಗೂ ಒಂದು ದಾರಿ ಕೊಡಿ

ಮಾನ್ಯ ಮಂಡ್ಯ ಜಿಲ್ಲಾಧಿಕಾರಿಗಳಿಗೆ, ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಅಧಿಕಾರಿಗಳಿಗೆ, ಜಿಲ್ಲೆಯ ಸಕ್ಕರೆ ಕಾರ್ಖಾನೆ, ಅಕ್ಕಿ ಗಿರಣಿ, ಎಪಿಎಂಸಿ ನಡೆಸುವ ಎಲ್ಲರಿಗೂ ನಮಸ್ಕಾರ.

ನಾನು ಮಂಡ್ಯ ತಾಲ್ಲೂಕಿನ ಕಬ್ಬು ಬೆಳೆಗಾರ. ಊರಿಗೆ ಬಂದು ಜಮೀನು ನೋಡಿಕೊಳ್ಳುವುದಕ್ಕೆ ಮುಂಚೆ ಮೈಸೂರಿನ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸಕ್ಕಿದ್ದೆ. ಕಬ್ಬಿನ ಬೆಲೆ, ಬಾಕಿ ಹಣ, ನಾಲೆ ನೀರು ಅಂತ ನಿಮಗೆ ಬರುವ ಅರ್ಜಿಗಳಿಗೆ ಲೆಕ್ಕವಿಲ್ಲ. ಈ ಪತ್ರ ಅದರ ಬಗ್ಗೆ ಅಲ್ಲ. ಕಾಂಪೌಂಡಿನ ಒಳಗೆ ಓಡಾಡುವ ಗಾಡಿಗಳ ನಡುವೆ ಕಾಲ್ನಡಿಗೆಯಲ್ಲಿ ಕೆಲಸ ಮಾಡುವ ಜನರ ಬಗ್ಗೆ. ಅವರಿಗೆ ನಡೆಯಲು ಬೇರೆ ದಾರಿ ಬೇಕು. ಈ ಸಲದ ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆಯೇ ಅದನ್ನು ಮಾಡಿಕೊಡಿ ಅಂತ ಕೇಳಲು ಬರೆಯುತ್ತಿದ್ದೇನೆ.

ರಸ್ತೆಯ ಮೇಲೆ ಜನ ಸತ್ತರೆ ಸುದ್ದಿಯಾಗುತ್ತದೆ. ನಮ್ಮ ಜಿಲ್ಲೆಯ ನಡುವೆ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. ಸಾವು ನೋವು ಜಾಸ್ತಿಯಾಯಿತು ಅಂತ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಗೆ ಬಿಡುವುದನ್ನೇ ನಿಲ್ಲಿಸಿದರು. ಅವುಗಳಿಗೆ ಸರ್ವಿಸ್ ರಸ್ತೆ. ಜೋರಾಗಿ ಹೋಗುವುದೂ ನಿಧಾನವಾಗಿ ಹೋಗುವುದೂ ಒಂದೇ ಜಾಗದಲ್ಲಿ ಇರಬಾರದು ಅನ್ನುವ ಮಾತನ್ನು ಸರ್ಕಾರವೇ ಒಪ್ಪಿದೆ. ಆ ಹೆದ್ದಾರಿಯಿಂದ ಇಳಿದು ಕಾರ್ಖಾನೆಯ ಗೇಟು ದಾಟಿದರೆ ಆ ಮಾತೇ ಇಲ್ಲ. ಅಲ್ಲಿ 15–20 ಟನ್ ಕಬ್ಬು ಹೊತ್ತ ಗಾಡಿಯೂ, ಹವಾಯಿ ಚಪ್ಪಲಿ ಹಾಕಿದ ಮನುಷ್ಯನೂ ಒಂದೇ ನೆಲದ ಮೇಲೆ.

ಕಬ್ಬಿನ ಯಾರ್ಡನ್ನು ಹಗಲು ಹೊತ್ತಿನಲ್ಲಿ ಕಾರಿನಲ್ಲಿ ಬಂದು ನೋಡಿದವರಿಗೆ ಇದು ತಿಳಿಯುವುದಿಲ್ಲ. ಹಂಗಾಮಿನ ರಾತ್ರಿಯಲ್ಲಿ ನೋಡಬೇಕು. ಗೇಟಿನ ಒಳಗೂ ಹೊರಗೂ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೂ ಎರಡೆರಡು ಟ್ರೇಲರ್. ಕಬ್ಬು ಟ್ರೇಲರಿನ ಅಗಲಕ್ಕಿಂತ ಆಚೆಗೆ ಒಂದು ಮೊಳ, ಈಚೆಗೆ ಒಂದು ಮೊಳ ಚಾಚಿಕೊಂಡಿರುತ್ತದೆ. ನಡುವೆ ಲಾರಿಗಳು. ಬೆಳಕು ಅಂದರೆ ತೂಕದ ಮನೆ ಹತ್ತಿರ ಒಂದು, ಕಬ್ಬು ಇಳಿಸುವ ಕ್ರೇನ್ ಹತ್ತಿರ ಒಂದು. ಉಳಿದ ಜಾಗವೆಲ್ಲ ಗಾಡಿಗಳ ಹೆಡ್‌ಲೈಟಿನ ಬೆಳಕು, ಅದೂ ಕಣ್ಣಿಗೆ ಹೊಡೆಯುವಂಥದ್ದು. ಟೀ ಅಂಗಡಿ ಯಾವಾಗಲೂ ಯಾರ್ಡಿನ ಆ ಕಡೆ. ಗಾಡಿ ಈ ಕಡೆ. ಒಂದು ಟೀ ಕುಡಿಯಬೇಕು ಅಂದರೆ ಗಾಡಿಗಳ ಸಾಲು ದಾಟಿ ಹೋಗಬೇಕು, ದಾಟಿ ಬರಬೇಕು. ಚೀಟಿ ಬರೆಸಲು ಒಂದು ಕಡೆ, ತೂಕಕ್ಕೆ ಇನ್ನೊಂದು ಕಡೆ, ಮೂತ್ರಕ್ಕೆ ಹೋಗಲು ಕಾಂಪೌಂಡಿನ ಮೂಲೆ. ಇದೆಲ್ಲದರ ನಡುವೆ ಬಿದ್ದ ಕಬ್ಬು, ಸೋಗೆ ಗುಡಿಸುವ ಹೆಂಗಸರು ಬಗ್ಗಿಕೊಂಡೇ ಇರುತ್ತಾರೆ. ಬಗ್ಗಿದವರು ಟ್ರ್ಯಾಕ್ಟರಿನ ಮೇಲೆ ಕೂತವನಿಗೆ ಕಾಣುವುದಿಲ್ಲ.

ಸರದಿ ಬರುವವರೆಗೆ ಜನ ಎಲ್ಲಿ ಮಲಗುತ್ತಾರೆ ಗೊತ್ತಾ? ಟ್ರೇಲರಿನ ಕೆಳಗೆ. ಹಗಲು ನೆರಳಿಗೆ, ರಾತ್ರಿ ಇಬ್ಬನಿ ಬೀಳದಿರಲಿ ಅಂತ. ಹಿಂದಿನ ರಾತ್ರಿ ನಿದ್ದೆಗೆಟ್ಟವರು, ಕಟಾವು ಮಾಡಿ ಲೋಡ್ ತುಂಬಿ ಸುಸ್ತಾದವರು, ಒಂದು ಗೋಣಿಚೀಲ ಹಾಸಿಕೊಂಡು ಬಿದ್ದುಕೊಳ್ಳುತ್ತಾರೆ. ಸಾಲು ಮುಂದಕ್ಕೆ ಸರಿಯಿತು ಅಂದಾಗ ಡ್ರೈವರ್ ಎದ್ದು ಹತ್ತಿ ಸ್ಟಾರ್ಟ್ ಮಾಡುತ್ತಾನೆ. ಕೆಳಗೆ ಯಾರಿದ್ದಾರೆ ಅಂತ ಬಗ್ಗಿ ನೋಡಿದರೆ ಪುಣ್ಯ. ಪಕ್ಕದ ಗಾಡಿಯವನು ಬಂದು ತನ್ನ ಗಾಡಿಯ ಕೆಳಗೆ ಮಲಗಿರುವುದು ಅವನಿಗೆ ಹೇಗೆ ತಿಳಿಯಬೇಕು?

ಇದಕ್ಕಿಂತ ಭಯದ ಕೆಲಸ ಇನ್ನೊಂದಿದೆ. ಅದು ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟುವಾಗ ಪಿನ್ ಹಾಕುವುದು. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ನೇರವಾಗಿ ರಿವರ್ಸ್ ತೆಗೆಯುವುದು ಎಂಥ ಡ್ರೈವರಿಗೂ ಕಷ್ಟ. ಹಿಂದಿನ ಟ್ರೇಲರ್ ಒಂದು ಕಡೆ ತಿರುಗಿದರೆ ಮುಂದಿನದು ಇನ್ನೊಂದು ಕಡೆ ಮಡಚಿಕೊಳ್ಳುತ್ತದೆ. ಹಾಗಾಗಿ ಇಕ್ಕಟ್ಟಿನ ಜಾಗದಲ್ಲಿ ಒಂದನ್ನು ಬಿಚ್ಚಿ ನಿಲ್ಲಿಸುತ್ತಾರೆ. ಒಂದೊಂದೇ ಖಾಲಿ ಮಾಡಿ ಮತ್ತೆ ಕಟ್ಟುತ್ತಾರೆ. ಕಟ್ಟುವಾಗ ಟ್ರ್ಯಾಕ್ಟರಿನ ಹಿಂದಿನ ಹುಕ್ಕೂ ಟ್ರೇಲರಿನ ಮೂತಿಯ ತೂತೂ ಒಂದರ ಮೇಲೊಂದು ಸರಿಯಾಗಿ ಬರಬೇಕು. ಬಂದ ಕ್ಷಣದಲ್ಲಿ ಮೇಲಿನಿಂದ ಪಿನ್ ಇಳಿಸಬೇಕು. ಆ ಪಿನ್ ಹಿಡಿದು ನಿಲ್ಲುವವನು ಕ್ಲೀನರ್ ಹುಡುಗ. ನಿಲ್ಲುವ ಜಾಗ ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ, ಒಂದು ಆಳು ಅಡ್ಡಡ್ಡ ನಿಲ್ಲುವಷ್ಟು ಜಾಗ. ಬೆನ್ನ ಹಿಂದೆ ಟ್ರೇಲರಿನ ಕಬ್ಬಿಣ. ಮುಂದೆ ಹಿಂದಕ್ಕೆ ಬರುತ್ತಿರುವ ದೊಡ್ಡ ಟೈರು.

ಕೆಲವು ವರ್ಷಗಳ ಹಿಂದೆ ಒಂದು ಯಾರ್ಡಿನಲ್ಲಿ, ನಾನು ಚೀಟಿ ಹಿಡಿದು ಅಲ್ಲೇ ನಿಂತಿದ್ದಾಗ, ಹೀಗೆ ನಿಂತ ಹುಡುಗನೊಬ್ಬನ ತೊಡೆ ಸಿಕ್ಕಿಕೊಂಡಿತು. ತೂತು ಇನ್ನೂ ನಾಲ್ಕು ಬೆರಳು ಆಚೆಗಿತ್ತು. ಅವನು ಕೈ ಎತ್ತಿ ನಿಲ್ಲಿಸು ಅಂದ. ಡ್ರೈವರ್ ಕ್ಲಚ್ ಬಿಟ್ಟ. ಹುಡುಗ ಕೂಗಿದ್ದು ನನಗೆ ಕೇಳಿಸಿತು, ಡ್ರೈವರಿಗೆ ಕೇಳಿಸಲಿಲ್ಲ. ಟ್ರ್ಯಾಕ್ಟರಿನಲ್ಲಿ ಹಾಡು ಜೋರಾಗಿ ಹಾಕಿತ್ತು. ಜನ ಓಡಿಹೋಗಿ ಬಾನೆಟ್ ಬಡಿದು ನಿಲ್ಲಿಸಿದರು. ಹುಡುಗ ಬದುಕಿದ, ಕಾಲು ಮಾತ್ರ ಮೊದಲಿನಂತೆ ಆಗಲಿಲ್ಲ. ಡ್ರೈವರ್ ತಲೆ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತುಬಿಟ್ಟಿದ್ದ. "ಕಾಣ್ಲಿಲ್ಲ ಕಣಣ್ಣ, ರೈಟ್ ರೈಟ್ ಅಂದಂಗೆ ಕೇಳುಸ್ತು" ಅಂತ ಅದನ್ನೇ ಹೇಳುತ್ತಿದ್ದ. ರೈಟ್ ಅಂದದ್ದು ಪಕ್ಕದ ಸಾಲಿನ ಲಾರಿಯ ಕ್ಲೀನರ್. ಅವನು ತನ್ನ ಲಾರಿಗೆ ಹೇಳುತ್ತಿದ್ದ.

ಆ ಡ್ರೈವರ್ ಸುಳ್ಳು ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಕಂಡಿರಲಿಲ್ಲ. ಲೋಡಾದ ಕಬ್ಬಿನ ಹಿಂದೆ ಏನಿದೆ ಅಂತ ಯಾವ ಕನ್ನಡಿಯೂ ತೋರಿಸುವುದಿಲ್ಲ. ಎಷ್ಟೋ ಟ್ರ್ಯಾಕ್ಟರುಗಳಿಗೆ ಕನ್ನಡಿಯೇ ಇರುವುದಿಲ್ಲ. ಮನೆಮಂದಿ ಓಡಾಡುವ ಹೊಸ ಕಾರುಗಳಿಗೆ 2019ರ ಜುಲೈಯಿಂದ ರಿವರ್ಸ್ ಸೆನ್ಸರ್ ಕಡ್ಡಾಯ ಮಾಡಿದ್ದೇವೆ. ಅದರ ಹತ್ತು ಪಟ್ಟು ತೂಕ ಎಳೆಯುವ ಕಬ್ಬಿನ ಗಾಡಿ ಹಿಂದಕ್ಕೆ ಬರುವಾಗ ಹದಿನೇಳು ಹದಿನೆಂಟು ವರ್ಷದ ಹುಡುಗನ ಗಂಟಲೇ ಸೆನ್ಸರ್. "ಬರ್ಲಿ, ಬರ್ಲಿ, ಹೋಲ್ಡಾನ್" ಅನ್ನುತ್ತಾ ಗಾಡಿಯ ಹಿಂದೆಯೇ ಹಿಮ್ಮುಖವಾಗಿ ನಡೆಯುತ್ತಾನೆ. ಡ್ರೈವರಿಗೆ ಅವನು ಕಾಣಬೇಕಾದರೆ ಪಕ್ಕಕ್ಕೆ ನಿಲ್ಲಬೇಕು. ಅವನಿಗೆ ಹಿಂದಿನ ಜಾಗ ಕಾಣಬೇಕಾದರೆ ಹಿಂದೆ ನಿಲ್ಲಬೇಕು. ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ಹಿಂದೆ ಏನಾದರೂ ಕಾಲಿಗೆ ತೊಡರಿ ಬಿದ್ದರೆ ಅಲ್ಲಿಗೆ ಮುಗಿಯಿತು.

ಬ್ರಿಟನ್ನಿನಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯೊಂದಿದೆ. ಕೆಲಸದ ಜಾಗದಲ್ಲಿ ಗಾಡಿಗಳಿಂದ ಆಗುವ ಸಾವುಗಳಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಗಾಡಿ ರಿವರ್ಸ್ ಬರುವಾಗಲೇ ಆಗುತ್ತವೆ ಅಂತ ಅದು ಹೇಳುತ್ತದೆ. ಒಂದು ಗಾಡಿ ದಿನದಲ್ಲಿ ರಿವರ್ಸ್ ಹೋಗುವುದು ಎಷ್ಟು ಹೊತ್ತು? ತೀರಾ ಸ್ವಲ್ಪ. ಆ ಸ್ವಲ್ಪ ಹೊತ್ತಿನಲ್ಲೇ ಇಷ್ಟು ಸಾವು.

"ಯಾರ್ಡಿನಲ್ಲಿ ಯಾರು ಜೋರಾಗಿ ಓಡಿಸ್ತಾರೆ ಸಾರ್, ಎಲ್ಲ ಹತ್ತು ಕಿಲೋಮೀಟರ್ ಸ್ಪೀಡು" ಅಂತ ನೀವು ಕೇಳಿದಾಗ ಸಿಬ್ಬಂದಿ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 10 ಕಿಲೋಮೀಟರ್ ಅಂದರೆ ಸೆಕೆಂಡಿಗೆ 2.8 ಮೀಟರ್. ಎದುರಿಗೆ ಮನುಷ್ಯ ಕಂಡು, ಕಾಲು ಬ್ರೇಕಿನ ಮೇಲೆ ಹೋಗಲು ಚುರುಕಾದ ಡ್ರೈವರಿಗೂ ಹೆಚ್ಚುಕಡಿಮೆ ಒಂದು ಸೆಕೆಂಡ್ ಬೇಕು. ಅಷ್ಟರಲ್ಲಿ ಗಾಡಿ 9 ಅಡಿ ಮುಂದೆ ಬಂದಿರುತ್ತದೆ. ಬ್ರೇಕ್ ಹಿಡಿಯುವುದು ಆಮೇಲೆ. ಅದೂ ಎಷ್ಟೋ ಟ್ರೇಲರುಗಳಿಗೆ ತಮ್ಮದೇ ಬ್ರೇಕ್ ಇರುವುದಿಲ್ಲ. ಹಿಂದಿನ ಅಷ್ಟೂ ಟನ್ ಕಬ್ಬು ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತದೆ. ನಿಧಾನ ಅನ್ನುವುದು ಗಾಡಿ ಮೇಲೆ ಕೂತವನಿಗೆ ಮಾತ್ರ ನಿಧಾನ.

1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಹುಟ್ಟಿದ ಕಾಲಕ್ಕೆ ಕಬ್ಬು ಎತ್ತಿನ ಗಾಡಿಯಲ್ಲಿ ಬರುತ್ತಿತ್ತು. ಎದುರಿಗೆ ಯಾರಾದರೂ ಬಿದ್ದರೆ ಎತ್ತು ತಾನಾಗೇ ನಿಲ್ಲುತ್ತದೆ, ಇಲ್ಲವೇ ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೂ ಕಣ್ಣಿದೆ. ಆ ಗಾಡಿಗಳ ನಡುವೆ ಜನ ಓಡಾಡುತ್ತಿದ್ದ ರೀತಿಯೇ ಇವತ್ತಿಗೂ ಉಳಿದಿದೆ. ಗಾಡಿ ಬದಲಾಗಿದೆ, ಯಾರ್ಡ್ ಬದಲಾಗಿಲ್ಲ.

ಇನ್ನು ಮಂಡಿಗಳ ವಿಷಯ. ಮಂಡ್ಯದ ಬೆಲ್ಲದ ಮಂಡಿ ಇರಲಿ, ಮೈಸೂರಿನ ಬಂಡೀಪಾಳ್ಯದ ಎಪಿಎಂಸಿ ಯಾರ್ಡ್ ಇರಲಿ, ಅಕ್ಕಿ ಗಿರಣಿಯ ಅಂಗಳ ಇರಲಿ, ಒಬ್ಬ ಹಮಾಲಿ ಚೀಲ ಹೊತ್ತು ನಡೆಯುವುದನ್ನು ಒಂದು ಸಲ ಹತ್ತಿರದಿಂದ ನೋಡಿ. 50 ಕೆಜಿ ಚೀಲ ಬೆನ್ನಿನ ಮೇಲ್ಭಾಗಕ್ಕೂ ಕತ್ತಿಗೂ ಸೇರಿ ಕೂತಿರುತ್ತದೆ. ತಲೆ ಬಗ್ಗಿರುತ್ತದೆ. ಅವನಿಗೆ ಕಾಣುವುದು ಕಾಲಿನ ಮುಂದಿನ ನಾಲ್ಕೈದು ಅಡಿ ನೆಲ. ಕತ್ತು ತಿರುಗಿಸಲು ಆಗುವುದಿಲ್ಲ. ಹಾರ್ನ್ ಕೇಳಿಸಿದರೂ ಯಾವ ಕಡೆಯಿಂದ ಅಂತ ನೋಡಲು ಆಗುವುದಿಲ್ಲ. ಥಟ್ಟನೆ ಪಕ್ಕಕ್ಕೆ ನೆಗೆದರೆ ಚೀಲ ಅವನ ಮೇಲೇ ಬೀಳುತ್ತದೆ. ಇಂಥವನಿಗೆ "ನೋಡ್ಕೊಂಡು ನಡಿಯೋ" ಅಂತ ಬೈಯುವುದು ಅನ್ಯಾಯ. ಅವನನ್ನು ಕಂಡರೆ ಗಾಡಿಯೇ ನಿಲ್ಲಬೇಕು. ಅವನು ಹೆಜ್ಜೆ ಹಾಕುವ ಕಡೆ, ಲಾರಿಯಿಂದ ಗೋದಾಮಿನ ಬಾಗಿಲವರೆಗಿನ ಆ ಹತ್ತಿಪ್ಪತ್ತು ಹೆಜ್ಜೆಯ ಜಾಗದಲ್ಲಿ, ಲೋಡಿಂಗ್ ಮುಗಿಯುವವರೆಗೆ ಬೇರೆ ಯಾವ ಗಾಡಿಯೂ ನುಗ್ಗಬಾರದು. ಎರಡು ಕಬ್ಬಿಣದ ಕಂಬ, ಒಂದು ಸರಪಳಿ ಸಾಕು ಇದಕ್ಕೆ.

ಮೈಸೂರಿನಲ್ಲಿ ನಾನಿದ್ದ ಕಾರ್ಖಾನೆಯ ಮಾತು ಹೇಳಲೇಬೇಕು. ಯಾಕೆಂದರೆ ಇದು ಆಗದ ಕೆಲಸ ಅಲ್ಲ ಅಂತ ನನಗೆ ಗೊತ್ತಾದದ್ದು ಅಲ್ಲಿ. ಸ್ಟೋರ್ಸ್‌ನಲ್ಲಿ ಸಾಮಾನು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್‌ಗಳು ಓಡಾಡುತ್ತಿದ್ದವು. ನೋಡಲು ಸಣ್ಣ ಗಾಡಿ. ಆದರೆ ಎರಡೂವರೆ ಮೂರು ಟನ್ ಎತ್ತುವ ಫೋರ್ಕ್‌ಲಿಫ್ಟ್ ಖಾಲಿ ಇದ್ದಾಗಲೇ ನಾಲ್ಕು ಟನ್ ಹತ್ತಿರ ತೂಗುತ್ತದೆ, ಅಂದರೆ ಮೂರು ನಾಲ್ಕು ಕಾರಿನ ತೂಕ. ಅದರ ಹಿಂದಿನ ಚಕ್ರ ತಿರುಗುತ್ತದೆ, ಮುಂದಿನದಲ್ಲ. ಹಾಗಾಗಿ ಎಡಕ್ಕೆ ತಿರುಗಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಡೆಯುತ್ತಿರುವವನು ಗಾಡಿ ತನ್ನಿಂದ ಆ ಕಡೆ ಹೋಗುತ್ತಿದೆ ಅಂತ ಅಂದುಕೊಂಡಿರುತ್ತಾನೆ. ಅದೇ ಹೊತ್ತಿಗೆ ಹಿಂಭಾಗ ಬಂದು ಬಡಿಯುತ್ತದೆ. ಮುಂದೆ ಎತ್ತರದ ಲೋಡ್ ಇದ್ದರೆ ಓಡಿಸುವವನಿಗೆ ಎದುರಿನದು ಕಾಣುವುದಿಲ್ಲ. ಆಗ ಅವನು ಗಾಡಿಯನ್ನು ಹಿಂದಕ್ಕೆ ಓಡಿಸಬೇಕು, ಓಡುವ ದಿಕ್ಕಿಗೆ ಮುಖ ಮಾಡಿಕೊಂಡು.

ಅಲ್ಲಿ ಮೊದಲು ನೆಲದ ಮೇಲೆ ಹಳದಿ ಗೆರೆ ಎಳೆದರು. ಗೆರೆಯ ಒಳಗೆ ನಡೆಯಬೇಕು ಅಂತ ನೋಟಿಸ್ ಹಾಕಿದರು. ಒಂದು ತಿಂಗಳು ನಡೆಯಿತು. ಆಮೇಲೆ ಸಾಮಾನು ಜಾಸ್ತಿ ಬಂದಾಗ ಆ ಗೆರೆಯ ಒಳಗೇ ಪ್ಯಾಲೆಟ್ (ಸಾಮಾನು ಜೋಡಿಸುವ ಹಲಗೆ) ಇಟ್ಟರು. ಅದು ಖಾಲಿ ಜಾಗ ಥರ ಕಾಣಿಸುತ್ತಿತ್ತಲ್ಲ. ನಡೆಯುವವರು ಪ್ಯಾಲೆಟ್ ಸುತ್ತಿ ಹಾಯಬೇಕಾಯಿತು, ಅಂದರೆ ಸೀದಾ ಫೋರ್ಕ್‌ಲಿಫ್ಟಿನ ದಾರಿಗೆ. ಕೊನೆಗೆ ಮ್ಯಾನೇಜ್‌ಮೆಂಟಿನವರು ಗೆರೆ ಇದ್ದ ಕಡೆ ಸೊಂಟದೆತ್ತರದ ಕಬ್ಬಿಣದ ಕಂಬಿ ಹಾಕಿಸಿದರು. ಆಫೀಸಿನ ಬಾಗಿಲು ನೇರವಾಗಿ ಗಾಡಿ ದಾರಿಗೆ ತೆರೆಯುತ್ತಿತ್ತು. ಬಾಗಿಲಿನ ಎದುರಿಗೂ ಒಂದು ಅಡ್ಡಕಂಬಿ ಬಂತು. ಹೊರಗೆ ಬಂದವನು ಎರಡು ಹೆಜ್ಜೆ ಪಕ್ಕಕ್ಕೆ ಹೋಗಿಯೇ ದಾಟಬೇಕು, ಅಷ್ಟರಲ್ಲಿ ಎರಡೂ ಕಡೆ ನೋಡಿರುತ್ತಾನೆ. ತಿರುವಿನಲ್ಲಿ ಉಬ್ಬುಗನ್ನಡಿ ಹಾಕಿದರು. ಕಂಬಿ ಬಂದ ಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಹೊಸದಾಗಿ ಸೇರಿದ ಹುಡುಗರೂ, ಓದು ಬಾರದ ಕಂಟ್ರಾಕ್ಟ್ ಕೆಲಸದವರೂ, ಊಟಕ್ಕೆ ಆತುರದಲ್ಲಿ ಹೋಗುವವರೂ ತಾವಾಗೇ ಸರಿಯಾದ ದಾರಿಯಲ್ಲಿ ನಡೆದರು.

ಬೇಲಿ ಹಾಕದೆ ಹೊಲಕ್ಕೆ ದನ ನುಗ್ಗಬೇಡ ಅಂತ ಬೋರ್ಡ್ ನೆಟ್ಟರೆ ಆಗುತ್ತದಾ? ಯಾರ್ಡುಗಳಲ್ಲಿ ಈಗ ಇರುವುದು ಬರೀ ಬೋರ್ಡು. "ಸುರಕ್ಷತೆ ಮೊದಲು". "ಎಚ್ಚರಿಕೆಯಿಂದ ನಡೆಯಿರಿ". ಪ್ರತಿ ವರ್ಷ ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನ ಅಂತ ಪ್ರಮಾಣವಚನ ಓದಿಸುತ್ತಾರೆ, ಬ್ಯಾಡ್ಜ್ ಹಾಕುತ್ತಾರೆ. ನಾನೂ ಓದಿದ್ದೇನೆ. ಅದು ಬೇಡ ಅಂತ ಅಲ್ಲ. ಹೊಳೆಯುವ ಜಾಕೆಟ್, ಹೆಲ್ಮೆಟ್ ಕೂಡ ಬೇಕು. ಆದರೆ ಅದು ಕೊನೆಯ ಕೆಲಸ. ಮೊದಲ ಕೆಲಸ ಮನುಷ್ಯನೂ ಗಾಡಿಯೂ ಒಂದೇ ಜಾಗದಲ್ಲಿ ಸೇರದಂತೆ ನೋಡಿಕೊಳ್ಳುವುದು. ಅದು ಮಾಡದೆ ಜಾಕೆಟ್ ಹಂಚಿದರೆ, ಏನಾದರೂ ಆದಾಗ "ಜಾಕೆಟ್ ಹಾಕಿರಲಿಲ್ಲ" ಅಂತ ಸತ್ತವನ ಮೇಲೇ ತಪ್ಪು ಹೊರಿಸಲು ಅನುಕೂಲ ಆಗುತ್ತದೆ.

ಕಾನೂನು ಏನು ಹೇಳುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಈ ಪತ್ರ ಓದುವ ನಮ್ಮ ರೈತರಿಗೂ ಹಮಾಲರಿಗೂ ತಿಳಿಯಲಿ ಅಂತ ಬರೆಯುತ್ತೇನೆ. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ ತಿದ್ದುಪಡಿ ಬಂತು. ಕೆಲಸದ ಜಾಗ ಅಪಾಯವಿಲ್ಲದ ಹಾಗೆ ಇರಬೇಕು, ಅಲ್ಲಿಗೆ ಬರುವ ಹೋಗುವ ದಾರಿಯೂ ಹಾಗೇ ಇರಬೇಕು, ಅದು ಕಾರ್ಖಾನೆ ನಡೆಸುವವರ ಹೊಣೆ ಅಂತ ಆಗಲೇ ಬರೆಯಲಾಗಿತ್ತು. ಈಗ 2020ರ ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಒಂದು ಮಾತು ಇದೆ, ನನಗೆ ಅದು ಬಹಳ ಮುಖ್ಯ. ಮಾಲೀಕರಿಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಅವರ ಕೆಲಸದ ಜಾಗದಲ್ಲಿ ಇರುವ ಎಲ್ಲರ ಸುರಕ್ಷತೆಗೂ ಮಾಲೀಕರೇ ಹೊಣೆ ಅನ್ನುವ ಮಾತು. ಎಲ್ಲರೂ ಅಂದರೆ ಹಾಜರಿ ಪುಸ್ತಕದಲ್ಲಿ ಹೆಸರಿರುವವರು ಮಾತ್ರ ಅಲ್ಲ. ಕಬ್ಬು ತಂದ ರೈತ, ಬೇರೆಯವರ ಟ್ರ್ಯಾಕ್ಟರಿನ ಡ್ರೈವರ್, ಕ್ಲೀನರ್, ಹೊರ ಜಿಲ್ಲೆಯಿಂದ ಬಂದ ಕಟಾವಿನ ಹೆಂಗಸು, ಅವಳ ಕಂಕುಳಲ್ಲಿರುವ ಮಗು, ಎಲ್ಲರೂ. ಇಷ್ಟು ದಿನ ಏನಾದರೂ ಆದರೆ "ಅವನು ನಮ್ಮ ಕೆಲಸಗಾರ ಅಲ್ಲ" ಅನ್ನುವ ಮಾತು ಸುಲಭವಾಗಿ ಬರುತ್ತಿತ್ತು. ಇನ್ನು ಮೇಲೆ ಆ ಮಾತು ನಡೆಯಬಾರದು. ನಡೆಯದಂತೆ ನೋಡಿಕೊಳ್ಳುವ ಅಧಿಕಾರ ನಿಮ್ಮ ಕೈಯಲ್ಲಿದೆ.

ಬ್ರಿಟನ್ನಿನ 1992ರ ನಿಯಮವೊಂದು ಇದನ್ನೇ ನೇರವಾಗಿ ಹೇಳುತ್ತದೆ. ನಡೆಯುವವರೂ ಗಾಡಿಗಳೂ ಅಪಾಯವಿಲ್ಲದೆ ಓಡಾಡುವ ಹಾಗೆ ಪ್ರತಿ ಕೆಲಸದ ಜಾಗವನ್ನೂ ಜೋಡಿಸಿರಬೇಕು ಅಂತ. ನಮ್ಮ ರಾಜ್ಯದ ನಿಯಮಗಳಲ್ಲೂ ಇಷ್ಟೇ ಬಿಡಿಸಿ ಬರೆದ ಒಂದು ಸಾಲು ಬರಲಿ.

ಈಗ ಆಗಬೇಕಾದ ಕೆಲಸ. ಯಾರ್ಡಿಗೆ ಬರುವ ಗಾಡಿ ಒಂದು ಗೇಟಿನಲ್ಲಿ ಬಂದು, ತೂಕವಾಗಿ, ಕಬ್ಬು ಇಳಿಸಿ, ಖಾಲಿ ತೂಕವಾಗಿ, ಇನ್ನೊಂದು ಗೇಟಿನಲ್ಲಿ ಹೋಗಬೇಕು. ಸುತ್ತು ಒಂದೇ ಕಡೆಗೆ. ಹೀಗೆ ಮಾಡಿದರೆ ರಿವರ್ಸ್ ತೆಗೆಯುವ ಕೆಲಸವೇ ಬಹುಪಾಲು ತಪ್ಪುತ್ತದೆ. ರಿವರ್ಸ್ ತೆಗೆಯಲೇಬೇಕಾದ ಜಾಗ ಇದ್ದರೆ ಅದು ಒಂದು ಕಡೆ ಮಾತ್ರ ಇರಲಿ. ಅಲ್ಲಿ ಬೆಳಕಿರಲಿ. ಅಲ್ಲಿಗೆ ಬೇರೆ ಯಾರನ್ನೂ ಬಿಡಬೇಡಿ. ಕೈಸನ್ನೆ ಮಾಡಲು ಕಲಿತ, ಕಾರ್ಖಾನೆಯದೇ ಸಂಬಳದ ಒಬ್ಬ ಆಳು ಪ್ರತಿ ಪಾಳಿಯಲ್ಲೂ ಅಲ್ಲಿರಲಿ. ಡ್ರೈವರ್ ಅವನೊಬ್ಬನ ಸನ್ನೆಯನ್ನು ಮಾತ್ರ ನೋಡಬೇಕು. ಅವನು ಕಣ್ಣಿಗೆ ಬೀಳದಿದ್ದರೆ ಗಾಡಿ ಅಲ್ಲೇ ನಿಲ್ಲಬೇಕು. ಕೂಗಿ ಹೇಳುವ ಪದ್ಧತಿ ಬೇಡ, ಆ ಹುಡುಗನ ಕಾಲು ಹಾಳಾದದ್ದು ಕೂಗಿನಿಂದಲೇ. ಗೇಟು ದಾಟಿದ ಮೇಲೆ ಹಾಡು ಬಂದ್ ಅಂತಲೂ ಮಾಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಪಿನ್ ಹಾಕುವುದಕ್ಕೆ ಒಂದು ಗಟ್ಟಿ ನೆಲದ, ಸಮತಟ್ಟಾದ ಜಾಗ ಗುರುತು ಮಾಡಿಕೊಡಿ. ಟ್ರ್ಯಾಕ್ಟರ್ ಪೂರ್ತಿ ನಿಂತು, ಗೇರ್ ನ್ಯೂಟ್ರಲ್‌ಗೆ ಬಂದು, ಹ್ಯಾಂಡ್ ಬ್ರೇಕ್ ಎಳೆದ ಮೇಲೆ ಮಾತ್ರ ಹುಡುಗ ನಡುವೆ ಹೋಗಬೇಕು. ತೂತು ಕೂಡಲಿಲ್ಲ ಅಂದರೆ ಅವನು ಹೊರಗೆ ಬರಬೇಕು, ಆಮೇಲೆ ಗಾಡಿ ಸರಿಯಬೇಕು, ನಿಂತ ಮೇಲೆ ಅವನು ಮತ್ತೆ ಒಳಗೆ ಹೋಗಬೇಕು. ಬಿಚ್ಚಿ ನಿಲ್ಲಿಸಿದ ಟ್ರೇಲರಿನ ಚಕ್ರಕ್ಕೆ ಕೈಗೆ ಸಿಕ್ಕ ಕಲ್ಲು ಕೊಡುವ ಬದಲು ಸರಿಯಾದ ಮರದ ಬೆಣೆ ಕೊಡಬೇಕು. ಎರಡು ಮೂರು ನಿಮಿಷ ಜಾಸ್ತಿ ಹಿಡಿಯುತ್ತದೆ, ನಿಜ. ಹಿಡಿಯಲಿ.

ನಡೆಯುವವರ ದಾರಿ ಎಲ್ಲಿ ಬರಬೇಕು ಅಂತ ನಕ್ಷೆ ಮುಂದೆ ಕೂತು ಗೆರೆ ಎಳೆಯಬೇಡಿ ಅಂತ ಬೇಡಿಕೊಳ್ಳುತ್ತೇನೆ. ಒಂದು ದಿನ ಯಾರ್ಡಿನಲ್ಲಿ ನಿಂತು ಜನರ ಕಾಲು ಎಲ್ಲಿ ಓಡಾಡುತ್ತದೆ ಅಂತ ನೋಡಿ. ಚೀಟಿ ಕೊಡುವ ಕಿಟಕಿ, ತೂಕದ ಮನೆ, ನೀರಿನ ನಲ್ಲಿ, ಶೌಚಾಲಯ, ಟೀ ಅಂಗಡಿ, ಇಷ್ಟೇ ಜಾಗಗಳು. ಇವುಗಳನ್ನು ಗಾಡಿ ಸಾಲಿನ ಒಂದೇ ಕಡೆಗೆ ತಂದರೆ ಜನ ಸಾಲು ದಾಟುವುದೇ ಬೇಕಾಗುವುದಿಲ್ಲ. ಟೀ ಅಂಗಡಿಯನ್ನು ನೂರು ಗಜ ಈ ಕಡೆ ಸರಿಸುವುದರಿಂದ ಒಂದು ಜೀವ ಉಳಿಯಬಹುದು. ಮಲಗಲು ದೀಪ, ನೀರು ಇರುವ ಒಂದು ಶೆಡ್ ಕಟ್ಟಿಸಿ, ಹೆಂಗಸರಿಗೆ ಬೇರೆ ಜಾಗ ಇರಲಿ. ಟ್ರೇಲರ್ ಕೆಳಗೆ ಮಲಗಬೇಡಿ ಅಂತ ಆಮೇಲೆ ಹೇಳಿ. ಬೇರೆ ಜಾಗ ಕೊಡದೆ ಎಬ್ಬಿಸಿ ಓಡಿಸಿದರೆ ಜನ ಇನ್ನೂ ಕತ್ತಲಿರುವ ಮೂಲೆ ಹುಡುಕಿಕೊಳ್ಳುತ್ತಾರೆ, ಅಷ್ಟೆ.

ಶೆಡ್ ಕಟ್ಟಿಸಿದರೂ ಗಾಡಿಗಳ ಸಾಲು ಕಡಿಮೆಯಾಗದೆ ಏನೂ ಆಗುವುದಿಲ್ಲ ಅನ್ನುವುದೂ ನನಗೆ ಗೊತ್ತು. ಕಬ್ಬು ಕಡಿದ ಮೇಲೆ ದಿನ ಕಳೆದಂತೆ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಸಾಲಿನಲ್ಲಿ ನಿಂತಿರುವ ಪ್ರತಿ ಗಂಟೆಯೂ ರೈತನ ಹೊಟ್ಟೆಗೆ ಬೆಂಕಿ. ಅದಕ್ಕೇ ಸರದಿಗಾಗಿ ನುಗ್ಗಾಟ, ಅಡ್ಡ ಬಂದವನ ಮೇಲೆ ಕೂಗಾಟ. ಕಟಾವಿನ ಆರ್ಡರ್ ಕೊಡುವಾಗಲೇ ದಿನಕ್ಕೆ ಎಷ್ಟು ಅರೆಯಬಹುದೋ ಅಷ್ಟಕ್ಕೇ ಕೊಟ್ಟರೆ, ಗಾಡಿಗೆ ಇಂಥ ಹೊತ್ತಿಗೆ ಬಾ ಅಂತ ಮೊಬೈಲಿಗೆ ಮೆಸೇಜ್ ಕಳಿಸಿದರೆ, ಯಾರ್ಡಿನ ನೂಕುನುಗ್ಗಲು ಕಡಿಮೆಯಾಗುತ್ತದೆ. ಇದು ರೈತರ ಅನುಕೂಲಕ್ಕೂ ಹೌದು, ಜೀವ ಉಳಿಸುವುದಕ್ಕೂ ಹೌದು.

"ಜಾಗ ಇಲ್ಲ" ಅನ್ನುತ್ತಾರೆ. ಜಾಗ ಇಲ್ಲದಿದ್ದರೆ ಹೊತ್ತು ಬೇರೆ ಮಾಡಿ. ಗುಡಿಸುವವರು ಒಳಗಿರುವ ಅರ್ಧ ಗಂಟೆ ಗಾಡಿ ನಿಲ್ಲಿಸಿ, ಗಾಡಿ ಓಡುವಾಗ ಗುಡಿಸುವವರನ್ನು ಹೊರಗಿಡಿ. ಅಕ್ಕಿ ಗಿರಣಿಯಂಥ ಸಣ್ಣ ಅಂಗಳಗಳಿಗೆ ಇದೇ ಸರಿಯಾದ ದಾರಿ. "ನಮ್ಮ ಜನ ಹೇಳಿದ ಮಾತು ಕೇಳಲ್ಲ" ಅಂತಲೂ ಅನ್ನುತ್ತಾರೆ. ಈ ಮಾತು ನನಗೆ ನೋವು ತರುತ್ತದೆ. ಇದೇ ಊರುಗಳ ಹುಡುಗರು ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ದೊಡ್ಡ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಗೆರೆ ಬಿಟ್ಟು ಆಚೆ ಕಾಲಿಡುವುದಿಲ್ಲ. ಅದೇ ಮನೆಯ ಅಣ್ಣ ತಮ್ಮ ಇಲ್ಲಿ ಯಾರ್ಡಿನಲ್ಲಿ ಟೈರಿನ ಪಕ್ಕ ಮಲಗುತ್ತಾನೆ. ಜನ ಒಂದೇ. ಸಿಕ್ಕ ಜಾಗ ಬೇರೆ.

ಇನ್ನೊಂದು ವಿಷಯ, ಬೇಗ ಹೇಳಿ ಮುಗಿಸುತ್ತೇನೆ. ಜೀವ ಹೋದಾಗ ಮಾತ್ರ ಪುಸ್ತಕದಲ್ಲಿ ಬರೆಯುವುದು ಸಾಲದು. ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಬರೆಯಬೇಕು. ಗೇಟಿನಲ್ಲಿ ಒಂದು ಪುಸ್ತಕ ಇಡಿ. ಡ್ರೈವರೋ ರೈತನೋ ಬಂದು "ಇವತ್ತು ಇಂಥ ಕಡೆ ಹೀಗಾಗುತ್ತಿತ್ತು" ಅಂದರೆ ಸೆಕ್ಯುರಿಟಿಯವನು ಬರೆದುಕೊಳ್ಳಲಿ. ಹೇಳಿದವನಿಗೆ ದಂಡ ಹಾಕಬೇಡಿ, ಸರದಿ ತಪ್ಪಿಸಬೇಡಿ. ವಾರಕ್ಕೊಂದು ಸಲ ಯಾರಾದರೂ ಅದನ್ನು ಓದಲಿ. ಒಂದೇ ಜಾಗದ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ ಮುಂದಿನ ಸಾವು ಅಲ್ಲೇ ಆಗುವುದು.

ಈ ಪತ್ರದಲ್ಲಿ ನಾನು ಯಾವ ಕಾರ್ಖಾನೆಯ ಹೆಸರನ್ನೂ ದೂರಿಗಾಗಿ ಎತ್ತಿಲ್ಲ. ಎಲ್ಲ ಕಡೆಯೂ ಕೊರತೆ ಹೆಚ್ಚುಕಡಿಮೆ ಒಂದೇ. ಎಲ್ಲರೂ ಸೇರಿ ಸರಿಮಾಡಲಿ ಅನ್ನುವುದೇ ನನ್ನ ಆಸೆ. ಹಂಗಾಮಿಗೆ ಮುಂಚೆ ಜಿಲ್ಲಾಡಳಿತ ಹೇಗೂ ರೈತರು ಮತ್ತು ಕಾರ್ಖಾನೆಯವರ ಸಭೆ ಕರೆಯುತ್ತದೆ. ಈ ಸಲ ಆ ಸಭೆಯಲ್ಲಿ ದರ, ಬಾಕಿ ಜೊತೆಗೆ ಇದೊಂದು ವಿಷಯವನ್ನೂ ಸೇರಿಸಿ. ಡ್ರೈವರುಗಳನ್ನೂ ಹಮಾಲಿ ಸಂಘದವರನ್ನೂ ಕರೆಯಿರಿ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಯಾವ ಯಾರ್ಡಿನಲ್ಲಿ ನಡೆಯುವ ದಾರಿ, ದೀಪ, ಮಲಗುವ ಶೆಡ್ ಆಗಿದೆ, ಎಲ್ಲಿ ಆಗಿಲ್ಲ ಅಂತ ಅರೆಯುವ ಮುಂಚೆಯೇ ಇಲಾಖೆಯವರು ನೋಡಿ, ಆ ವರದಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಲಿ.

ಹಂಗಾಮು ಶುರುವಾದ ಮೇಲೆ ಒಂದು ಸಲ ತಪಾಸಣೆಗೆ ರಾತ್ರಿ ಹತ್ತರ ಮೇಲೆ ಬನ್ನಿ. ಮುಂಚೆ ತಿಳಿಸಿ ಬರಬೇಡಿ. ಕಾರನ್ನು ಗೇಟಿನಲ್ಲೇ ಬಿಟ್ಟು, ತೂಕದ ಮನೆಯಿಂದ ಕಬ್ಬು ಇಳಿಸುವ ಜಾಗದವರೆಗೆ ನಡೆದು ನೋಡಿ. ಜೊತೆಗೆ ಬರಲು ನಾನೂ ಸಿದ್ಧ, ನಮ್ಮ ಊರಿನ ಇನ್ನೂ ಕೆಲವು ಬೆಳೆಗಾರರು ಬರಲು ಒಪ್ಪಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಮಂಡ್ಯ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ